ಕಾಣದ ವೈರಿಯನ್ನು ಹಿಮ್ಮೆಟ್ಟಿಸಿದ ಲೂಯಿ ಪಾಶ್ಚರ್

ಅಳ್ನಾವರ: ದಾಂಡೇಲಿ ಕಾಡಿನ ಹಾದಿಯಲ್ಲಿರುವ ಈ ಪಟ್ಟಣದಲ್ಲಿಯೂ ಹುಚ್ಚುನಾಯಿ ಕಡಿತವೆಂದರೆ ಹಿರಿಯರಿಗೆ ನೆನಪಾಗುವುದು ಹೊಕ್ಕುಳ ಸುತ್ತ ಚುಚ್ಚುತ್ತಿದ್ದ 14 ಸೂಜಿಗಳು. ಆ ಚಿಕಿತ್ಸೆಯ ಮೂಲಪುರುಷ ಫ್ರಾನ್ಸ್‌ನ ಲೂಯಿ ಪಾಶ್ಚರ್.

1822ರ ಡಿಸೆಂಬರ್ 27ರಂದು ಚರ್ಮ ಹದ ಮಾಡುವವರ ಮನೆಯಲ್ಲಿ ಜನಿಸಿದ ಪಾಶ್ಚರ್ ಬೆಳೆದದ್ದು ಅರ್ಬ್ವಾ ಪಟ್ಟಣದಲ್ಲಿ. 1831ರಲ್ಲಿ ಆ ಭಾಗದಲ್ಲಿ ಹುಚ್ಚು ತೋಳವೊಂದು ಹಲವರನ್ನು ಕಡಿಯಿತು. ಗಾಯವನ್ನು ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣದಿಂದ ಸುಡುವುದೇ ಅಂದಿನ ಔಷಧ. ಬಾಲಕನ ಮನಸ್ಸಿನಿಂದ ಆ ದೃಶ್ಯ ಮಾಸಲಿಲ್ಲ.

ಅವರು ವೈದ್ಯರಲ್ಲ, ರಸಾಯನ ವಿಜ್ಞಾನಿ. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ದುರ್ಬಲವಾದರೂ ಸಂಶೋಧನೆ ನಿಲ್ಲಲಿಲ್ಲ. ರೇಬಿಸ್ ವೈರಾಣು ಅಂದಿನ ಸೂಕ್ಷ್ಮದರ್ಶಕಕ್ಕೆ ನಿಲುಕುತ್ತಿರಲಿಲ್ಲ. ಆದರೆ ರೋಗದ ನೆಲೆ ನರಮಂಡಲವೆಂದು ಅರಿತ ಪಾಶ್ಚರ್, ಸಹಾಯಕ ಎಮಿಲ್ ರೂ ಜೊತೆಗೂಡಿ ಸೋಂಕಿತ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ಲಸಿಕೆ ಸಿದ್ಧಪಡಿಸಿದರು. 1885ರ ಜುಲೈ 6ರಂದು, ನಾಯಿ ಕಡಿದಿದ್ದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಚುಚ್ಚುಮದ್ದು ನೀಡಲಾಯಿತು, ಒಟ್ಟು 13. ಹುಡುಗ ಬದುಕಿದ. ಅದೇ ಕ್ರಮವನ್ನು ನಾಯಿಗಳ ಮೇಲೆ ಪೂರ್ಣವಾಗಿ ಪರೀಕ್ಷಿಸಿರಲಿಲ್ಲವೆಂಬುದು ಅವರ ಟಿಪ್ಪಣಿ ಪುಸ್ತಕಗಳಿಂದ ಬಹುಕಾಲದ ನಂತರ ತಿಳಿಯಿತು. ಇಂದಿನ ನಿಯಮಗಳು ಆ ಸಾಹಸವನ್ನು ಒಪ್ಪಲಾರವು.

ಲಸಿಕೆ ಫಲಿಸಲು ಕಾರಣ ವೈರಾಣುವಿನ ನಿಧಾನಗತಿ. ಅದರ ಹೊರಮೈಯ ಪ್ರೋಟೀನ್, ಬೀಗಕ್ಕೆ ಕೀಲಿಯಂತೆ, ಸ್ನಾಯು ಮತ್ತು ನರಗಳ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಕೂಡಿಕೊಳ್ಳುತ್ತದೆ. ಈ ನಂಟು 1982ರಲ್ಲಿ ಬೆಳಕಿಗೆ ಬಂತು. ಅಲ್ಲಿಂದ ನರದ ಎಳೆ ಹಿಡಿದು ಮಿದುಳು ಸೇರಲು ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಷ್ಟರಲ್ಲಿ ಲಸಿಕೆ ದೇಹವನ್ನು ಸಜ್ಜುಗೊಳಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಆ ಪ್ರೋಟೀನಿನ ಒಂದು ತುಣುಕು ಹಾವಿನ ನಂಜನ್ನು ಹೋಲುತ್ತದೆ. ಆ ತುಣುಕು ಒಂದೇ ಮಿದುಳಿಗೆ ಸೇರಿದರೂ ಇಲಿಗಳ ವರ್ತನೆ ಬದಲಾಗುವುದನ್ನು 2017ರಲ್ಲಿ ಅಲಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ರೇಬಿಸ್‌ನಿಂದ ಸತ್ತವರ ನರಕೋಶಗಳು ಅನೇಕ ಬಾರಿ ಹೆಚ್ಚು ಹಾನಿಯಾಗದಂತೆಯೇ ಕಾಣುತ್ತವೆ. ಕೆಟ್ಟಿರುವುದು ಅವುಗಳ ಕೆಲಸ.

ಭಾರತದಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಅದರಲ್ಲಿದ್ದ ನರದ ಅಂಶವೇ ಕೆಲವರಿಗೆ ಲಕ್ವ ತಂದಿತು. ದೇಶದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಈಗಿನ ಲಸಿಕೆಯನ್ನು ತೋಳಿಗೇ ಚುಚ್ಚಲಾಗುತ್ತದೆ. ಅದಕ್ಕೂ ಮುನ್ನ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು.

ಪಾಶ್ಚರ್ ನಿಧನರಾದದ್ದು 1895ರ ಸೆಪ್ಟೆಂಬರ್ 28ರಂದು. 2008ರಿಂದ ಆ ದಿನ ವಿಶ್ವ ರೇಬಿಸ್ ದಿನ.