ಉಂಗುರ ಹಿಂದಿರುಗಿಸಿದ ಪ್ರೇಮಿ

ಹುಲಿಗೆ ಅಂಜುವವರುಂಟು, ಪರೀಕ್ಷೆಗೆ ಅಂಜುವವರುಂಟು. ಎರಡನೆಯ ಪಂಗಡಕ್ಕೆ ನಾನೂ ಸೇರಿದವನೇ. ಆದರೆ ಪ್ರೀತಿಗೆ ಅಂಜಿ ಓಡಿದವರೂ ಉಂಟೆಂಬುದು ನನಗೆ ಡೆನ್ಮಾರ್ಕಿನ ತತ್ತ್ವಜ್ಞಾನಿ ಸೋರೆನ್ ಕಿರ್ಕೆಗಾರ್ಡನ ಜೀವನವನ್ನು ಓದಿದ ಮೇಲೆ ತಿಳಿಯಿತು.

ಅವನು ಹುಟ್ಟಿದ್ದು 1813ರಲ್ಲಿ, ಕೋಪನ್‌ಹೇಗನ್ ನಗರದಲ್ಲಿ. ಏಳು ಮಕ್ಕಳಲ್ಲಿ ಕಡೆಯವನು. ಬಾಲ್ಯದಲ್ಲಿ ಕುರಿ ಕಾಯುತ್ತಿದ್ದಾಗ ಹಸಿವು ಚಳಿಗಳಿಂದ ನೊಂದು ದೇವರನ್ನು ಶಪಿಸಿದ್ದ ಅವನ ತಂದೆ, ಮುಂದೆ ಸಿರಿವಂತನಾದರೂ, ಆ ಪಾಪ ಮನೆತನವನ್ನು ಕಾಡುತ್ತಿದೆಯೆಂದೇ ನಂಬಿದ್ದ. ಸೋರೆನ್‌ಗೆ 22 ತುಂಬುವ ಮೊದಲೇ ತಾಯಿಯೂ ಐವರು ಒಡಹುಟ್ಟಿದವರೂ ತೀರಿಕೊಂಡಿದ್ದರು. ತಂದೆಯ ವಿಷಾದವೇ ಮಗನಿಗೆ ಬಂದ ನಿಜವಾದ ಪಿತ್ರಾರ್ಜಿತ.

1837ರಲ್ಲಿ ಅವನು ರೆಜೀನ ಓಲ್ಸೆನ್ ಎಂಬ ಹುಡುಗಿಯನ್ನು ಕಂಡ. ಅವಳಿಗಾಗ 15 ವರ್ಷ. 1840ರ ಸೆಪ್ಟೆಂಬರಿನಲ್ಲಿ ಮದುವೆ ನಿಶ್ಚಯವಾಯಿತು. ಮರುದಿನವೇ ಅವನಿಗೆ ತಾನು ತಪ್ಪುಮಾಡಿದೆನೆಂದು ತೋರಿತು. ತನ್ನ ಮನಸ್ಸಿನ ಕತ್ತಲೆ ಆ ನಗುಮುಖವನ್ನೂ ನುಂಗೀತೆಂಬ ಭಯ! 1841ರ ಆಗಸ್ಟಿನಲ್ಲಿ ಉಂಗುರವನ್ನು ಹಿಂದಕ್ಕೆ ಕಳುಹಿಸಿದ. ಅವಳು ಬಿಡಲೊಲ್ಲಳು, ಅವನೊಡನೆ ಇರಗೊಟ್ಟರೆ ಪುಟ್ಟ ಕಪಾಟಿನಲ್ಲಾದರೂ ಬಾಳುವೆನೆಂದು ಅಂಗಲಾಚಿದಳು. ಅವಳಿಗೆ ತನ್ನ ಮೇಲೆ ಜುಗುಪ್ಸೆ ಹುಟ್ಟಲೆಂದು ಅವನು ಎರಡು ತಿಂಗಳು ಕಟುಕನ ವೇಷ ಹಾಕಿದ. ಅಕ್ಟೋಬರಿನಲ್ಲಿ ಸಂಬಂಧ ಮುರಿದು ಬರ್ಲಿನ್ನಿಗೆ ಹೊರಟುಹೋದ.

ಓಡಿದರೇನಾಯಿತು? ಪ್ರೀತಿ ಬೆನ್ನು ಬಿಡಲಿಲ್ಲ. 1843ರಲ್ಲಿ ಒಂದರ ಹಿಂದೊಂದು ಅಚ್ಚಾದ ಅವನ ಪುಸ್ತಕಗಳಲ್ಲಿ ಅವಳ ನೆರಳು ಹೆಜ್ಜೆಹೆಜ್ಜೆಗೂ ಬಿದ್ದಿದೆ. ಅವಳ ಮಾತನ್ನು ನೆನೆದು ಒಂದು ಕಪಾಟನ್ನೇ ಮಾಡಿಸಿ, ಅವಳಿಗೆ ಸಂಬಂಧಿಸಿದ್ದೆಲ್ಲವನ್ನೂ ಅದರಲ್ಲಿ ಕಾಪಾಡಿದ. ಅವಳಾದರೋ 1847ರಲ್ಲಿ ತನ್ನ ಹಿಂದಿನ ಶಿಕ್ಷಕ ಫ್ರಿಟ್ಸ್ ಶ್ಲೇಗೆಲನನ್ನು ವರಿಸಿದಳು. 1849ರಲ್ಲಿ ಸೋರೆನ್ ಅವಳಿಗೆಂದು ಬರೆದ ಪತ್ರವನ್ನು ಪತಿಯು ಒಡೆಯದೆಯೇ ಹಿಂದಿರುಗಿಸಿದ. 1855ರ ಮಾರ್ಚಿನಲ್ಲಿ ಪತಿಯೊಡನೆ ದೂರದ ವೆಸ್ಟ್ ಇಂಡೀಸಿಗೆ ಹೊರಡುವ ದಿನ, ಅವಳು ಬೀದಿಯಲ್ಲಿ ಅವನಿಗೆ ಎದುರಾಗಿ ಮೆಲುದನಿಯಲ್ಲಿ ಶುಭ ಹಾರೈಸಿ ನಡೆದಳು. ಅದೇ ನವೆಂಬರಿನಲ್ಲಿ, 42ನೆಯ ವಯಸ್ಸಿಗೆ, ಅವನು ತೀರಿಕೊಂಡ. ತನ್ನದೆಲ್ಲವೂ ಅವಳಿಗೇ ಸೇರಬೇಕೆಂದು ಬರೆದಿಟ್ಟಿದ್ದ. ಅವಳು ಪತ್ರಗಳನ್ನೂ ಕೆಲವು ಸಣ್ಣ ವಸ್ತುಗಳನ್ನೂ ಬಿಟ್ಟು ಉಳಿದುದನ್ನು ಸ್ವೀಕರಿಸಲಿಲ್ಲ.

ಅವನ ತತ್ತ್ವವನ್ನು ವಿಮರ್ಶಿಸುವ ಯೋಗ್ಯತೆ ನನಗಿಲ್ಲ. ಆದರೆ ನನ್ನ ದುಗುಡ ಇನ್ನೊಬ್ಬರಿಗೆ ಅಂಟೀತೆಂದು, ಆಡಬೇಕಾದ ಮಾತನ್ನು ಆಡದೆ ನಾನೂ ಹಿಂಜರಿದದ್ದುಂಟು. ಅದನ್ನು ತ್ಯಾಗವೆಂದು ಕರೆದುಕೊಂಡದ್ದೂ ಉಂಟು. ಈ ಚರಿತ್ರೆ ಓದಿದ ಮೇಲೆ ಆ ಹೆಸರು ಸರಿಹೋಗದು. ರೆಜೀನ ಕತ್ತಲೆಯನ್ನು ಕಂಡೂ ಒಪ್ಪಿದ್ದಳು. ಅವಳ ಪಾಲಿನ ಧೈರ್ಯವನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ. ಜಗತ್ತಿಗೆ ದೊಡ್ಡ ಗ್ರಂಥಗಳು ದೊರೆತವು, ನಿಜ. ಗ್ರಂಥ ಬರೆಯಲಾರದ ನಮ್ಮಂಥವರು ಅಂಜಿದರೆ ಉಳಿಯುವುದು ಬರಿಯ ಕಪಾಟು.