ಲಾಲ್‌ಬಾಗಿನಿಂದ ಹೊಲದ ಬದುವಿಗೆ: ಡಾ. ಎಂ.ಎಚ್. ಮರಿಗೌಡರು



ಯುಗಾದಿ ಕಳೆಯುತ್ತಿದ್ದಂತೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮಾವು ಕೋಲಾರದ ಮಾವಿಗಿಂತ ಮೊದಲೇ ಬೆಂಗಳೂರಿನ ಪೇಟೆ ಸೇರುತ್ತದೆ. ಹಿಂದೆ ರಾಗಿ, ಹುರುಳಿ, ಅವರೆಗಷ್ಟೇ ಮೀಸಲಾಗಿದ್ದ ಎಷ್ಟೋ ಕೆಂಪು ಮಣ್ಣಿನ ಹೊಲಗಳಲ್ಲಿ ಇಂದು ಬಾದಾಮಿ, ರಸಪೂರಿ, ಸೇಂದೂರದ ತೋಪುಗಳಿವೆ. ಇದರ ಹಿಂದೆ ಅನೇಕರ ದುಡಿಮೆ ಇದೆ. ಅವರಲ್ಲಿ ಮೊದಲು ನೆನೆಯಬೇಕಾದವರು ಡಾ. ಎಂ.ಎಚ್. ಮರಿಗೌಡರು.

ರೈತನ ಮನೆಯಿಂದ ಹಾರ್ವರ್ಡ್‌ಗೆ

ಮರಿಗೌಡರು 1916ರ ಆಗಸ್ಟ್ 8ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಮರಿಗೌಡನಹಳ್ಳಿಯಲ್ಲಿ ಹುಟ್ಟಿದರು. ಲಾಲ್‌ಬಾಗಿನಲ್ಲಿ ಕೆಲಸಕ್ಕೆ ಸೇರಿ, ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ತರಬೇತಿ ಪಡೆದು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. ಅಷ್ಟು ಓದಿದವರು ಹೊರದೇಶದಲ್ಲೇ ನೆಲೆಸಬಹುದಿತ್ತು. ಅವರು ಊರಿಗೆ ಮರಳಿದರು. 1951ರಲ್ಲಿ ಲಾಲ್‌ಬಾಗಿನ ಸೂಪರಿಂಟೆಂಡೆಂಟರಾದರು. ಕ್ರುಂಬಿಗಲ್, ಜವರಾಯ ಅವರಂಥ ಹಿರಿಯರು ಕುಳಿತಿದ್ದ ಜಾಗ ಅದು.

ಆ ದಿನಗಳಲ್ಲಿ ತೋಟಗಾರಿಕೆ ಎಂದರೆ ಹೂವಿನ ಪಾತಿ, ಶ್ರೀಮಂತರ ಬಂಗಲೆ ಎಂಬ ಭಾವನೆ ಇತ್ತು. ಮಳೆ ನಂಬಿದ ರೈತನಿಗೂ ಅದು ಒದಗಬೇಕೆಂದು ಮರಿಗೌಡರು ದುಡಿದರು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅದರ ನಿರ್ದೇಶಕರಾದರು.

ನಾಲ್ಕು ಕಾಲಿನ ಮಂಚ

ಅವರ ಯೋಜನೆಗೆ ಮಂಚದಂತೆ ನಾಲ್ಕು ಕಾಲು. ಮೊದಲನೆಯದು ತೋಟಗಾರಿಕೆ ಕ್ಷೇತ್ರ ಮತ್ತು ಸಸ್ಯಪಾಲನಾ ಕೇಂದ್ರ. ಎರಡನೆಯದು ಮಣ್ಣು ಪರೀಕ್ಷೆ, ಬೀಜ ಪರೀಕ್ಷೆ, ಸಸ್ಯ ಸಂರಕ್ಷಣೆಯ ನೆರವು. ಮೂರನೆಯದು ತರಬೇತಿ ಮತ್ತು ವಿಸ್ತರಣೆ. ನಾಲ್ಕನೆಯದು ಬೆಳೆಗಾರರ ಸಹಕಾರ ಸಂಘ. ಒಂದು ಕಾಲು ಮುರಿದರೂ ಮಂಚ ನಿಲ್ಲದು. ನಾಡಿನಲ್ಲಿ ಮುನ್ನೂರಕ್ಕೂ ಹೆಚ್ಚು ತೋಟಗಾರಿಕೆ ಕ್ಷೇತ್ರಗಳು ಎದ್ದವು. ರೈತನಿಗೆ ನಂಬಿಕೆಯ ಕಸಿ ಗಿಡ ಹತ್ತಿರದಲ್ಲೇ ಸಿಗುವಂತಾಯಿತು. ಮಾವು, ಸಪೋಟ, ಸೀಬೆ, ಗೋಡಂಬಿಯಂಥ ಗಿಡಗಳನ್ನು ಮೊದಲ ಎರಡು ಮೂರು ಬೇಸಿಗೆ ಕೊಡದ ನೀರಿನಲ್ಲಿ ಉಳಿಸಿಕೊಂಡರೆ, ಆಮೇಲೆ ಮಳೆಯಲ್ಲೇ ಬದುಕುತ್ತವೆ. ನಡುವಿನ ಜಾಗದಲ್ಲಿ ಹುರುಳಿ, ಅವರೆ ಬೆಳೆಯಬಹುದು. ಒಣ ಸೀಮೆಯ ರೈತನಿಗೆ ಒಪ್ಪುವ ದಾರಿ ಇದು.

ಬೆಳೆದವನಿಗೂ ತಿನ್ನುವವನಿಗೂ

ಬೆಳೆಯುವುದು ಅರ್ಧ ಕೆಲಸ, ಮಾರುವುದು ಇನ್ನರ್ಧ. ಹೂವು ಬಿಟ್ಟಾಗಲೇ ಮುಂಗಡ ಪಡೆದು ತೋಪನ್ನು ಗುತ್ತಿಗೆಗೆ ಕೊಡುವುದು, ಮಂಡಿಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದು, ತೂಕದಲ್ಲಿ ಸೂಟು ಕಳೆಯುವುದು, ಮೇಲೆ ದಲ್ಲಾಳಿ ಕಮಿಷನ್ ಹಿಡಿಯುವುದು ನಮ್ಮ ರೈತರಿಗೆ ಹೊಸದಲ್ಲ. ಇತ್ತ ಬೆಳೆದವನ ಕೈ ಬರಿದು, ಅತ್ತ ಪಟ್ಟಣದ ಕೂಲಿಕಾರನಿಗೆ ಹಣ್ಣೆಂದರೆ ಕಾಯಿಲೆ ಬಿದ್ದಾಗ ಮಾತ್ರ.

ಈ ಎರಡು ಕಷ್ಟಕ್ಕೂ ಒಂದೇ ಮದ್ದು ಬೇಕಿತ್ತು. 1959ರ ಸೆಪ್ಟೆಂಬರಿನಲ್ಲಿ ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮುಂದೆ ಎಲ್ಲ ಹಣ್ಣು ತರಕಾರಿಗಳೂ ಅದರೊಳಗೆ ಸೇರಿ, ನಾವಿಂದು ಹಾಪ್‌ಕಾಮ್ಸ್ ಎಂದು ಕರೆಯುವ ಸಂಸ್ಥೆಯಾಯಿತು. ಬೆಳೆಗಾರರೇ ಸದಸ್ಯರು. ಮಾಲನ್ನು ಸಂಘ ತೂಗಿ ಕೊಳ್ಳುತ್ತದೆ. ಪೇಟೆಯ ಧಾರಣೆ ನೋಡಿ ಆಯಾ ದಿನದ ಬೆಲೆ ಗೊತ್ತು ಮಾಡುತ್ತದೆ. ಬೀದಿಯ ಚಿಕ್ಕ ಮಳಿಗೆಯಲ್ಲಿ ಅದೇ ಮಾಲು ನಿಗದಿಯಾದ ದರಕ್ಕೆ, ಸರಿಯಾದ ತೂಕಕ್ಕೆ ಸಿಗುತ್ತದೆ. ನಡುವೆ ಕೈಗಳು ಕಡಿಮೆಯಾದಷ್ಟೂ ಬೆಳೆದವನಿಗೆ ಎರಡು ಕಾಸು ಹೆಚ್ಚು, ತಿನ್ನುವವನಿಗೆ ಎರಡು ಕಾಸು ಉಳಿತಾಯ. ಆಸ್ಪತ್ರೆ, ಹಾಸ್ಟೆಲು, ಕಾರ್ಖಾನೆ ಕ್ಯಾಂಟೀನುಗಳಿಗೂ ಸಂಘದ ಹಣ್ಣು ತರಕಾರಿ ಹೋಗತೊಡಗಿತು. ಕನಕಪುರದ ಕಡೆ ಬೆಳೆದ ಸೊಪ್ಪು ತರಕಾರಿ ರೋಗಿಯ ತಟ್ಟೆಗೆ ಬಾಡದೆ ತಲುಪಲು ಇಂಥ ಏರ್ಪಾಡೇ ಬೇಕು.

ಸಂಘ ಹುಟ್ಟಿದಾಗ ನಮ್ಮ ನಾಲ್ಕೂ ತಾಲ್ಲೂಕುಗಳು ಬೆಂಗಳೂರು ಜಿಲ್ಲೆಯಲ್ಲೇ ಇದ್ದವು. 2007ರಲ್ಲಿ ಬೇರೆ ಜಿಲ್ಲೆಯಾದ ಮೇಲೂ ಸಂಘದ ವ್ಯಾಪ್ತಿಯೊಳಗೇ ಉಳಿದವು.

ನಮ್ಮ ಪಾಲಿನ ಕೆಲಸ

ಮರಿಗೌಡರು ತೊಂಬತ್ತರ ದಶಕದ ಆರಂಭದಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವನ್ನು ತೋಟಗಾರಿಕೆ ದಿನವಾಗಿ ಆಚರಿಸುತ್ತಾರೆ. ಲಾಲ್‌ಬಾಗಿನಲ್ಲಿ ಅವರ ಹೆಸರಿನ ಸ್ಮಾರಕ ಭವನವಿದೆ. 2020ರ ಲಾಕ್‌ಡೌನಿನಲ್ಲಿ ಪೇಟೆಯ ದಾರಿ ಮುಚ್ಚಿ ಬೆಳೆ ಹೊಲದಲ್ಲೇ ಕೊಳೆಯುತ್ತಿದ್ದಾಗ, ಹಾಪ್‌ಕಾಮ್ಸ್ ವಾಹನಗಳು ಹಣ್ಣು ತರಕಾರಿ ಹೊತ್ತು ಬೆಂಗಳೂರಿನ ಬಡಾವಣೆಗಳಿಗೆ ಹೋದವು. ಅರವತ್ತು ವರ್ಷದ ಹಿಂದೆ ನೆಟ್ಟ ಗಿಡ ಆಪತ್ತಿನಲ್ಲಿ ನೆರಳು ಕೊಟ್ಟಿತು.

ಆದರೆ ಈಗ ಪೈಪೋಟಿ ಬಿರುಸಾಗಿದೆ. ಸಂಘದ ಮಳಿಗೆಗಳು ಮೊದಲಿನಷ್ಟು ಉಳಿದಿಲ್ಲ. ಆಡಳಿತದ ಕುಂದುಕೊರತೆಗಳನ್ನು ಸದಸ್ಯರು ಸಭೆಯಲ್ಲಿ ಎದ್ದು ನಿಂತು ಕೇಳಲೇಬೇಕು. ಜೊತೆಗೆ ನಮ್ಮನ್ನು ನಾವೂ ಕೇಳಿಕೊಳ್ಳಬೇಕು. ಧಾರಣೆ ಏರಿದಾಗ ಒಳ್ಳೆಯ ಮಾಲನ್ನು ಮಂಡಿಗೆ ಹಾಕಿ, ಬಿದ್ದಾಗ ಉಳಿದದ್ದನ್ನು ಸಂಘಕ್ಕೆ ತಂದರೆ ಯಾವ ಸಂಘ ತಾನೇ ಬದುಕೀತು? ಬಲಿತ ಕಾಯನ್ನು ತೊಟ್ಟು ಸಮೇತ ಕೊಯ್ದು, ಸೊನೆ ಇಳಿಸಿ, ಗಾತ್ರ ನೋಡಿ ವಿಂಗಡಿಸಿ ಕೊಡುವುದು ನಮ್ಮ ಕೈಯಲ್ಲೇ ಇದೆ.

ಬರುವ ಆಗಸ್ಟ್ 8ರಂದು ಊರಿಗೆ ಹತ್ತು ಮಂದಿಯಾದರೂ ಒಟ್ಟು ಕುಳಿತು ಈ ವಿಚಾರ ಮಾತನಾಡಿ. ಮರಿಗೌಡರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.