ತಿಗಣೆಗಳ ಗುರುತು ಹಿಡಿದ ಕಾರ್ಲ್ ಸ್ಟೋಲ್

ಹೊಲ ತೋಟಗಳಲ್ಲಿ ಕಾಣುವ, ಮುಟ್ಟಿದೊಡನೆ ದುರ್ವಾಸನೆ ಸೂಸುವ ಗುರಾಣಿಯಾಕಾರದ ತಿಗಣೆಗಳನ್ನು ಓದುಗರು ಬಲ್ಲರು. ಅವುಗಳಲ್ಲಿ ಒಂದು ಜಾತಿಯನ್ನು ಅದರ ಹತ್ತಿರದ ಸಂಬಂಧಿಯಿಂದ ಬೇರ್ಪಡಿಸುವುದು ಮಾತ್ರ ಪರಿಣತರಿಗೂ ಸುಲಭವಲ್ಲ. ಈ ಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದವರಲ್ಲಿ ಸ್ವೀಡನ್ನಿನ ಕಾರ್ಲ್ ಸ್ಟೋಲ್ ಅಗ್ರಗಣ್ಯರು.

1833ರ ಮಾರ್ಚ್ 21ರಂದು ಸ್ಟಾಕ್‌ಹೋಮಿನ ಕಾರ್ಲ್‌ಬರ್ಗ್ ಅರಮನೆಯಲ್ಲಿ ಜನಿಸಿದ ಸ್ಟೋಲ್, 1853ರಲ್ಲಿ ವೈದ್ಯಶಾಸ್ತ್ರ ಕಲಿಯಲು ಉಪ್ಸಾಲ ವಿಶ್ವವಿದ್ಯಾಲಯ ಸೇರಿದರು. ಮನಸ್ಸು ಮಾತ್ರ ಕೀಟಗಳಲ್ಲಿತ್ತು. ಚೀನಾದಿಂದ ಬಂದ ಕಂದು ತಿಗಣೆಯೊಂದನ್ನು 1855ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಸಂಕ್ಷಿಪ್ತವಾಗಿ ವರ್ಣಿಸಿ, ಅದಕ್ಕೆ 'ಹ್ಯಾಲಿಸ್' ಎಂಬ ಹೆಸರಿಟ್ಟಾಗ ಅವರಿಗೆ ಕೇವಲ 22 ವರ್ಷ. 1859ರಲ್ಲಿ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿ ಸಹಾಯಕರಾದರು. 1867ರಲ್ಲಿ ಪ್ರಾಧ್ಯಾಪಕ ಪದವಿಯೊಡನೆ ಅಲ್ಲಿಯ ಕೀಟವಿಭಾಗದ ಹೊಣೆ ಹೊತ್ತರು.

ಅವರ ಕೃತಿಗಳಲ್ಲಿ ಈ ಲೇಖಕನಿಗೆ ಹಿರಿದಾಗಿ ತೋರುವುದು 1868-69ರಲ್ಲಿ ಪ್ರಕಟವಾದ 'ಹೆಮಿಪ್ಟೆರಾ ಫ್ಯಾಬ್ರಿಸಿಯಾನ'. 1808ರಲ್ಲಿ ತೀರಿಕೊಂಡಿದ್ದ ಫ್ಯಾಬ್ರಿಸಿಯಸ್ ಸಾವಿರಾರು ಕೀಟಗಳಿಗೆ ನಾಮಕರಣ ಮಾಡಿದ್ದರೂ, ಅವರ ವರ್ಣನೆಗಳು ಎಷ್ಟು ಚುಟುಕಾಗಿದ್ದವೆಂದರೆ ಒಂದೇ ವರ್ಣನೆ ನಾಲ್ಕಾರು ಜಾತಿಗಳಿಗೆ ಹೊಂದಬಹುದಿತ್ತು. ಸ್ಟೋಲ್ ಪುಸ್ತಕದ ಮಾತನ್ನೇ ನಂಬಿ ಕುಳಿತುಕೊಳ್ಳಲಿಲ್ಲ. ಕೋಪನ್‌ಹೇಗನ್ ಹಾಗೂ ಕೀಲ್ ನಗರಗಳಲ್ಲಿ ಉಳಿದಿದ್ದ ಮೂಲ ಮಾದರಿಗಳನ್ನೇ ಪರೀಕ್ಷಿಸಿ ಹೊಸದಾಗಿ ವರ್ಣಿಸಿದರು. ಅನಂತರ 1870ರಿಂದ 1876ರವರೆಗೆ ಐದು ಭಾಗಗಳಲ್ಲಿ ತಿಗಣೆಗಳ ಮಹಾಸೂಚಿಯನ್ನು ಹೊರತಂದರು. 1878ರ ಜೂನ್ 13ರಂದು, 45ನೆಯ ವಯಸ್ಸಿನಲ್ಲಿ, ನಿಧನರಾದರು.

ಅವರ ಹ್ಯಾಲಿಸ್ ತಿಗಣೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಫ್ಯಾಬ್ರಿಸಿಯಸ್ ಹೆಸರಿಸಿದ್ದ, ಭಾರತದಲ್ಲಿರುವ 'ಪೈಕಸ್' ಎಂಬ ಜಾತಿಯೊಡನೆ ಬಹುಕಾಲ ಬೆರೆಸಲಾಗಿತ್ತು. ಚೀನಾ, ಕೊರಿಯಾ, ಜಪಾನುಗಳ ಕೀಟ ಹ್ಯಾಲಿಸ್ ಒಂದೇ ಎಂಬುದು ಸ್ಪಷ್ಟವಾದದ್ದು 1978ರಲ್ಲಿ, ಅಂದರೆ ಸ್ಟೋಲ್ ಕಣ್ಮುಚ್ಚಿ ಸರಿಯಾಗಿ ನೂರು ವರ್ಷಗಳ ಮೇಲೆ.

1990ರ ದಶಕದ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ಇದೇ ತಿಗಣೆ ಮನೆಗಳಿಗೆ ನುಗ್ಗತೊಡಗಿದಾಗ ಸ್ಥಳೀಯ ಜಾತಿಯೆಂದೇ ಜನ ಭಾವಿಸಿದರು. 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೀಟತಜ್ಞರೊಬ್ಬರು ಅದರ ನಿಜರೂಪ ಕಂಡುಹಿಡಿದರು. ವ್ಯತ್ಯಾಸ ಸೂಕ್ಷ್ಮ, ಆದರೆ ನಿಶ್ಚಿತ. ಅಲ್ಲಿಯ ಬ್ರೋಕಿಮೆನಾ ತಿಗಣೆಯ ಭುಜದಂಚಿನಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ಹ್ಯಾಲಿಸ್‌ನ ಭುಜ ನುಣುಪು, ಮೀಸೆಗಳ ಮೇಲೆ ಬಿಳಿಯ ಪಟ್ಟೆಗಳು. ಯುರೋಪಿನ ರಾಫಿಗಾಸ್ಟರ್ ಅಂತೂ ಮೇಲ್ನೋಟಕ್ಕೆ ಅವಳಿಯೇ ಸರಿ. ಅದನ್ನು ಮಗುಚಿ ನೋಡಿದರೆ ಹೊಟ್ಟೆಯ ಬುಡದಿಂದ ಕಾಲುಗಳ ನಡುವೆ ಮುಂದಕ್ಕೆ ಚಾಚಿದ ಮುಳ್ಳು ಕಾಣುತ್ತದೆ, ಹ್ಯಾಲಿಸ್‌ಗೆ ಅದಿಲ್ಲ. ರೆಕ್ಕೆಯ ಪಾರದರ್ಶಕ ತುದಿಯಲ್ಲಿ ರಾಫಿಗಾಸ್ಟರ್‌ಗೆ ಕಪ್ಪು ಚುಕ್ಕೆಗಳು, ಹ್ಯಾಲಿಸ್‌ಗೆ ಕಪ್ಪು ಗೀರುಗಳು.

ಗುರುತು ಸಿಕ್ಕರೂ ಹಾವಳಿ ನಿಲ್ಲಲಿಲ್ಲ. 2010ರಲ್ಲಿ ಅಮೆರಿಕದ ಮಧ್ಯ ಅಟ್ಲಾಂಟಿಕ್ ರಾಜ್ಯಗಳ ಸೇಬು ಬೆಳೆಗಾರರಿಗೆ ಈ ಕೀಟದಿಂದಾದ ನಷ್ಟ ಸುಮಾರು 3.7 ಕೋಟಿ ಡಾಲರ್.

ಇಂದು ಅದರ ಪೂರ್ಣ ಹೆಸರು ಹ್ಯಾಲಿಯೋಮಾರ್ಫ ಹ್ಯಾಲಿಸ್. ಮುಂದೆ ಕಂಸದಲ್ಲಿ ಸ್ಟೋಲ್ ಅವರ ಹೆಸರೂ 1855 ಎಂಬ ಇಸವಿಯೂ ಇರುತ್ತವೆ. ಅವರು ಸೇರಿಸಿದ್ದ ಪೆಂಟಾಟೋಮ ಕುಲದಿಂದ ಕೀಟವನ್ನು ಬೇರೆ ಕುಲಕ್ಕೆ ವರ್ಗಾಯಿಸಿರುವುದಕ್ಕೆ ಆ ಕಂಸವೇ ಸೂಚನೆ.